ಹಾಲಿಗೆ ಹೋದ ಬರ್ಫ

ರಾಸ್ತಾ ಪೇಠ, ಪುಣೆ
ಬುಧವಾರ, ತಾ. ೧೯ ಸಪ್ಟೆಂಬರ ೧೯೩೪

ಪ್ರೀತಿಯ ಅಕ್ಕ ಚನ್ನಬಸವ್ವಗೆ ನಿನ್ನ ತಮ್ಮ ಶಿವಪುತ್ರಪ್ಪನ ಶರಣು.

ನಿನ್ನ ಪತ್ರ ಬಂದು ಹದಿನೇಳು ದಿನವಾಯಿತು. ಉತ್ತರ ತಡವಾದದ್ದಕ್ಕೆ ಆಫೀಸಿನ ಕೆಲಸ, ಮಳೆ, ರುದ್ರವ್ವನ ಮೊಣಕಾಲು, ಗಣಪತಿಯ ಗದ್ದಲ ಅಂತ ನಾಲ್ಕು ನೆವ ಸಿದ್ಧ ಇಟ್ಟುಕೊಂಡಿದ್ದೆ. ಬರೆಯಲು ಕೂತಾಗ ನಾಲ್ಕನ್ನೂ ಬಿಟ್ಟೆ. ಬೆಲ್ಲದ ಗಡಿಗೆ ಒಡೆದು ಬೆಕ್ಕಿನ ಮೇಲೆ ಹಾಕಿದ ದಿನ ನೀನು ನನ್ನ ಬಾಯಿ ಮೂಸಿ ನೋಡಿದವಳು. ನಿನ್ನ ಮುಂದೆ ನನ್ನ ನೆವ ಎಂದೂ ನಡೆದಿಲ್ಲ. ಬರೆಯಲು ಧೈರ್ಯ ಆಗಲಿಲ್ಲ, ಅಷ್ಟೇ. ಕ್ಷಮಿಸು.

ಪತ್ರದ ನೆತ್ತಿಯ ಮೇಲೆ 'ಉಭಯ ಕುಶಲೋಪರಿ' ಅಂತ ಬರೆದಿಲ್ಲ, ನೋಡಿರಬಹುದು. ಮರೆತದ್ದಲ್ಲ. ಮೇ ತಿಂಗಳಲ್ಲಿ ಒಮ್ಮೆ ಬರೆದದ್ದೇ ಸಾಕಾಗಿದೆ. ಆ ಮಾತು ಮುಂದೆ ಬರುತ್ತದೆ.

ಲಕೋಟೆ ಕೈಗೆ ಬಂದಾಗ ರುದ್ರವ್ವ ಹೊಸ್ತಿಲಲ್ಲೇ ನಿಂತುಬಿಟ್ಟಳು. "ಏನ್ರಿ, ಇದು ನಮ್ಮ ಕಾಶೀ ಅಕ್ಷರ ಇದ್ದಂಗ ಅದಲ್ರಿ!" ಅಂದಳು. ಹೌದು, ಕಳೆದ ದೀಪಾವಳಿಯ ರಜೆಯಲ್ಲಿ ಕಾಶಿ ನಿನ್ನ ಕೈಗೆ ಪಾಟಿ ಕೊಟ್ಟು ಕಲಿಸಿದ ಅಕ್ಷರ. ಅವಳ ಹಾಗೇ ನೀನೂ 'ಶ'ಕ್ಕೆ ಬಾಲ ಉದ್ದ ಎಳೆಯುತ್ತೀ. ಒತ್ತಕ್ಷರ ಮಾತ್ರ ನುಂಗುತ್ತೀ. ಐದೇ ಸಾಲು. ಆದರೂ ನಾನು ಅದನ್ನು ಓದಿ ಮುಗಿಸಲು ಎರಡು ಸಲ ಎದ್ದು ಹೋಗಿ ನೀರು ಕುಡಿದು ಬಂದೆ. "ತಮ್ಮಾ, ನಾ ಸಿಟ್ಟಾಗಿಲ್ಲ. ಅವತ್ತ ಏನಾತು ಬರಿ. ಬಂದಾಗ ಕೇಳಾಕ ಬಾಯಿ ಬರಲಿಲ್ಲ. ಕೂಸು ಗುಡ್ಡ ನೋಡಿತೇನ? ದೀಪಾವಳಿ ಆದ ಮ್ಯಾಲೆ ಭೀಮಿನ್ನ ನಿನ್ನ ಕಡೆ ಕಳಸತೀನಿ, ಸಾಲಿಗೆ ಹಚ್ಚು."

ಮಗಳು ಕಲಿಸಿದ ಅಕ್ಷರದಲ್ಲೇ ಮಗಳು ಹೋದ ದಿನದ ಸುದ್ದಿ ಕೇಳಿದ್ದೀ. ಮೇಲೆ, ಉಳಿದ ಒಬ್ಬ ಮಗಳನ್ನೂ ಅದೇ ಮನೆಗೆ ಕಳಿಸುತ್ತೇನೆ ಅಂತೀ. ಇಷ್ಟು ಒಳ್ಳೆಯವಳಾಗಬೇಡ ಅಕ್ಕಾ, ನನಗೆ ತಡೆಯುವುದಿಲ್ಲ. ಹಿಂದೆ ಬೈಲಹೊಂಗಲದಲ್ಲಿ ಎಲ್ಲರ ಎದುರು, "ಹೆಣ್ಣುಮಗಳಾದರೇನಾತು, ಕಾಶಿ ಪುಣೆಯಲ್ಲಿ ಓದಲಿ, ನನ್ನ ಕಣ್ಣಿನಂತೆ ನೋಡಿಕೊಳ್ಳುತ್ತೇನೆ" ಅಂತ ಎದೆ ತಟ್ಟಿ ಹೇಳಿದವನು ನಾನು. ನಿನ್ನ ಅತ್ತೆ ಬೇಡ ಅಂದರು, ಭಾವ ಗೂಳಪ್ಪನವರು ಸುಮ್ಮನಿದ್ದರು, ನೀನೊಬ್ಬಳು ನನ್ನ ಮಾತು ನಂಬಿದೆ.

ಕೇಳಿದ್ದೀ, ಬರೆಯುತ್ತೇನೆ. ಗುಡ್ಡದ ಕಥೆ ನಿನಗೆ ಅರ್ಧ ಗೊತ್ತು. ಮೊದಲಿನಿಂದ ಹೇಳಿದರೇನೇ ಆ ದಿನ ಅರ್ಥವಾಗುವುದು.

ಜನವರಿಯಲ್ಲಿ ನಮ್ಮ ಆಫೀಸಿಗೆ ಮೇಜರ್ ಕೋಲ್ಬಿ ಎಂಬ ಸಾಹೇಬರು ಬಂದರು. ಪಲ್ಟಣಿನಿಂದ ನಿವೃತ್ತರು, ಎಡಗಾಲು ಸ್ವಲ್ಪ ಎಳೆಯುತ್ತಾರೆ, ಮೀಸೆ ಪೂರ್ತಿ ಬೆಳ್ಳಗಾಗಿದೆ. ಯುರೋಪಿನ ಒಂದು ಊರಿನಲ್ಲಿ ಹಳೆಯ ಸ್ಟೇಶನ್ನಿನ ಕಟ್ಟಡದೊಳಗೆ ಹಲಗೆಯ ಇಳಿಜಾರು ಕಟ್ಟಿ, ಮೇಲೆ ಸೋಡಾ ಪುಡಿ ಹರವಿ, ಅದನ್ನೇ ಹಿಮವೆಂದು ಜನ ಕಾಲಿಗೆ ಕಟ್ಟಿಗೆಯ ಉದ್ದ ಪಟ್ಟಿ ಕಟ್ಟಿಕೊಂಡು ಜಾರುತ್ತಿದ್ದರಂತೆ. ಪುಣೆಯಲ್ಲಿ ಹಾಗೊಂದು ಕಟ್ಟಬೇಕು, ಆದರೆ ಸೋಡಾ ಬೇಡ, ನಿಜವಾದ ಬರ್ಫವೇ ಇರಬೇಕು, ಬೇಸಿಗೆಯಲ್ಲೂ ಲಷ್ಕರದ ಸಾಹೇಬರು ಮಡಮ್ಮರು ಬಂದು ಜಾರಬೇಕು ಅಂತ ಅವರ ಆಸೆ. ಒಬ್ಬ ಪಾರ್ಸೀ ಶೇಠರನ್ನೂ ಒಬ್ಬ ಸಂಸ್ಥಾನಿಕರನ್ನೂ ಒಲಿಸಿಕೊಂಡಿದ್ದರು. ನಕಾಶೆ ತೆಗೆಯುವ ಕೆಲಸ ನನ್ನ ಮೇಜಿಗೆ ಬಂತು.

ನಗಬೇಡ, ನನಗೆ ಆ ಕೆಲಸದ ಹುಚ್ಚೇ ಹಿಡಿಯಿತು. ಹದಿನಾರು ವರ್ಷದಿಂದ ಕಚೇರಿ, ಸಂಡಾಸ, ಕುದುರೆ ಲಾಯ, ಮತ್ತೆ ಸಂಡಾಸ, ಇವನ್ನೇ ಗೆರೆ ಎಳೆಯುತ್ತ ಬಂದವನು ನಾನು. ಈಗ ನೂರಾಎಂಬತ್ತು ಅಡಿ ಉದ್ದ, ನಲವತ್ತೆರಡು ಅಡಿ ಎತ್ತರದ ಬೆಟ್ಟವನ್ನು ತಗಡಿನ ಸೂರಿನ ಕೆಳಗೆ ಹಿಡಿಸಬೇಕು. ಇಳಿಜಾರಿನ ಹೊಟ್ಟೆಯಲ್ಲಿ ತಂಪಿನ ನಳಿಕೆಗಳು, ಗೋಡೆಗೆ ಕಟ್ಟಿಗೆ ಹೊಟ್ಟಿನ ತುಂಬು, ಒಂದು ಪಕ್ಕಕ್ಕೆ ಚಹದ ಕೋಣೆ, ಪರದೆ ಹಾಕಿದ ಹೆಂಗಸರ ಗ್ಯಾಲರಿ. ನಕಾಶೆಯ ಮೂಲೆಯಲ್ಲಿ 'ಸ್ನೋ ಹಾಲ್' ಅಂತ ಹೆಸರು ಬರೆದವನೂ ನಾನೇ. ಆಫೀಸಿನಲ್ಲಿ, ಗುತ್ತಿಗೆದಾರರಲ್ಲಿ, ಹಮಾಲರ ಬಾಯಲ್ಲಿ ಅದು ಬರೇ 'ಹಾಲ್' ಆಯಿತು. ಮನೆಯಲ್ಲಿ ಮಾತ್ರ ಆ ಹೆಸರು ಒಂದು ದಿನವೂ ನಡೆಯಲಿಲ್ಲ. ಕಾಶಿ ಮೊದಲ ದಿನವೇ ಅದಕ್ಕೆ ಗುಡ್ಡ ಅಂತ ಹೆಸರಿಟ್ಟಿದ್ದಳು.

"ಮಾಮಾ, ಮನಿಯೊಳಗ ಗುಡ್ಡ ಹೆಂಗ ಹಿಡಸ್ತೀರಿ?" ಅಂತ ಕೇಳಿದಳು.

"ಕಾಗದದ ಮ್ಯಾಲೆ ಎಲ್ಲಾ ಹಿಡಸತದ" ಅಂದೆ.

"ಆ ಬರ್ಫದ ಮ್ಯಾಲೆ ನಡದ್ರ ಸಪ್ಪಳ ಬರತದೇನ್ರಿ? ನಮ್ಮ ಬುಕ್ಕಿನ್ಯಾಗ ಬರದಿಲ್ಲ."

ನನಗೆ ಏನು ಗೊತ್ತು? ಹಿಮಾಲಯ ನಾನು ಕ್ಯಾಲೆಂಡರಿನಲ್ಲಿ ನೋಡಿದವನು. "ನೋಡಿ ಹೇಳತೀನಿ ಬಿಡು" ಅಂದೆ. ರುದ್ರವ್ವ ಒಲೆಯ ಮುಂದಿನಿಂದಲೇ, "ಆ ಮಡಮ್ಮರು ಬಿದ್ರ ಎತ್ತಾಕ ಯಾರ ಇರ್ತಾರ, ಅದನ್ನೂ ನಕಾಶಿಯೊಳಗ ಬರೀರಿ" ಅಂತ ಚೇಷ್ಟೆ ಮಾಡಿದಳು. ಆಗ ನಮ್ಮ ಮನೆಯಲ್ಲಿ ದಿನಾ ಸಂಜೆ ಇದೇ ಮಾತು, ಇದೇ ನಗೆ.

ನಕಾಶೆಯಲ್ಲಿ ಕಟ್ಟಡ ಎಷ್ಟು ದೊಡ್ಡದು ಅಂತ ನೋಡುವವರಿಗೆ ತಿಳಿಯಲೆಂದು ಪಕ್ಕದಲ್ಲಿ ಒಂದು ಮನುಷ್ಯನ ಆಕೃತಿ ಬರೆಯುವ ರೂಢಿ ಇದೆ. ಸಾಮಾನ್ಯವಾಗಿ ಟೊಪ್ಪಿಗೆಯ ಸಾಹೇಬ. ಈ ಸಲ ಅದನ್ನು ಬರೆಯಲು ಕಾಶಿಗೆ ಕೊಟ್ಟೆ, ಐದೂವರೆ ಅಡಿ ಇರಬೇಕು ಅಂತ ಅಳತೆ ಹೇಳಿದೆ. ಅವಳು ನಾಲಿಗೆ ಹೊರಗೆ ಹಾಕಿಕೊಂಡು ಅರ್ಧ ಗಂಟೆ ಬರೆದಳು. ನೋಡಿದರೆ ಇಳಿಜಾರಿನ ತುತ್ತತುದಿಯಲ್ಲಿ ಇಳಕಲ್ ಸೀರೆಯ ಹೆಣ್ಣುಮಗಳು, ಸೊಂಟದ ಮೇಲೆ ಕೊಡ! "ಇದ್ಯಾರವಾ?" ಅಂದರೆ, "ನಮ್ಮವ್ವ. ಅಕಿನ್ನ ಎತ್ತರದ ಮ್ಯಾಲೆ ನಿಂದರ್ಸೇನಿ" ಅಂದಳು. ನಾನು ಅಳಿಸಲು ಹೋದೆ. ಮೇಜರ್ ಸಾಹೇಬರು ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕು, ಇರಲಿ ಬಿಡು ಅಂದರು. ಹೀಗೆ ಪುಣೆಯ ಹಿಮದ ಗುಡ್ಡದ ಮೇಲೆ ಎಲ್ಲರಿಗಿಂತ ಮೊದಲು ನಿಂತವಳು ನೀನು.

ಏಪ್ರಿಲ್ ಕೊನೆಗೆ ಶಾಲೆ ಮುಚ್ಚಿತು. ಮೇ ಒಂದಕ್ಕೆ ಅವಳನ್ನು ರೈಲಿಗೆ ಹತ್ತಿಸಬೇಕಿತ್ತು. ಆದರೆ ಶೇಠರಿಗೂ ಸಂಸ್ಥಾನಿಕರಿಗೂ ನಂಬಿಕೆ ಬರಲೆಂದು ಕಟ್ಟಡಕ್ಕೆ ಮೊದಲು ಒಂದು ಸಣ್ಣ ಪ್ರಯೋಗ ಮಾಡಿ ತೋರಿಸುವುದೆಂದು ಆಯಿತು. ಹಡಪಸರದ ದಾರಿಯಲ್ಲಿ ಒಂದು ಹಳೆಯ ಅರಳೆ ಗೋದಾಮು ಹಿಡಿದು, ಬಿದಿರು ಹಲಗೆಯ ಇಳಿಜಾರು ಕಟ್ಟಿ, ನಾರಿನ ಚಾಪೆ ಹಾಸಿ, ಮೇಲೆ ಬರ್ಫ ಕುಟ್ಟಿ ಹರವುವುದು. ಆ ಗೋದಾಮಿಗೂ ಹಮಾಲರು ಹಾಲ್ ಅಂತಲೇ ಅಂದರು. ಮೇ ಐದು ಅಂದದ್ದು ಹನ್ನೆರಡಕ್ಕೆ ಹೋಯಿತು. "ಗುಡ್ಡ ನೋಡೇ ಹೋಗತೀನಿ" ಅಂತ ಅವಳ ಹಟ, "ನೋಡಲಿ ಬಿಡು, ಜನ್ಮದಲ್ಲಿ ಇನ್ನೊಮ್ಮೆ ಸಿಗುತ್ತದೆಯೇ" ಅಂತ ನನ್ನ ಹಟ. ನಿನಗೆ ಬರೆದು ಹದಿನೈದು ದಿನ ಬೇಡಿಕೊಂಡೆ. ನೀನು ಸಂಡಿಗೆ ಇಡಲು ಅವಳ ದಾರಿ ನೋಡುತ್ತ ಕೂತಿದ್ದೆ ಅಂತ ಆಮೇಲೆ ಭಾವ ಹೇಳಿದರು.

ಜ್ವರ ಬಂದದ್ದು ಮೇ ಒಂದಕ್ಕೇ, ರೈಲು ಹತ್ತಬೇಕಾಗಿದ್ದ ದಿನವೇ. ಮೊದಲು ಬಿಸಿಲಿನದು ಅಂದೆವು. ನಾಲ್ಕನೆಯ ದಿನ ನಿನಗೆ ಕಾರ್ಡು ಹಾಕಿದೆನಲ್ಲ, ಅದರ ನೆತ್ತಿಯ ಮೇಲೆ ಕೈಯ ರೂಢಿಯಂತೆ 'ಉಭಯ ಕುಶಲೋಪರಿ' ಅಂತ ಬರೆದೆ. ಬರೆದ ಮೇಲೆ ಅವಳ ಜ್ವರದ ಸುದ್ದಿ ಕೆಳಗೆ ಸೇರಿಸಲು ಜಾಗವೂ ಇತ್ತು, ಮಸಿಯೂ ಇತ್ತು. ಕುಶಲ ಅಂತ ಮೇಲೆ ಬರೆದು ಜ್ವರ ಅಂತ ಕೆಳಗೆ ಹೇಗೆ ಬರೆಯುವುದು, ಎರಡು ದಿನದಲ್ಲಿ ಇಳಿಯುತ್ತದೆ, ಅಕ್ಕ ಸುಮ್ಮನೆ ಗಾಬರಿಯಾಗುತ್ತಾಳೆ ಅಂದುಕೊಂಡು ಬಿಟ್ಟೆ. ಆ ಕಾರ್ಡನ್ನು ನೀನು ನಂಬಿದೆ. ಅದಿಲ್ಲದಿದ್ದರೆ ನೀನು ಆರನೆಯ ದಿನಕ್ಕೇ ಇಲ್ಲಿರುತ್ತಿದ್ದೆ, ಅವಳ ತಲೆ ನಿನ್ನ ತೊಡೆಯ ಮೇಲೆ ಇರುತ್ತಿತ್ತು. ಇದು ನನ್ನ ತಪ್ಪು. ಭಾವನವರು ನನ್ನ ಮುಖಕ್ಕೆ ಹೇಳಿದ್ದು ಸರಿಯೇ ಇತ್ತು.

ಮುದ್ದತಿ ಜ್ವರ, ಟಾಯ್ಫಾಯ್ಡ್ ಅಂತ ಡಾಕ್ಟರ ಏಕನಾಥರಾವ್ ಹೇಳಿದ್ದು ಏಳನೆಯ ದಿನ. ಮೂರು ವಾರ ಕಾಯಬೇಕು, ಗಂಜಿ ನೀರು ಬಿಟ್ಟರೆ ಏನೂ ಕೊಡಬೇಡಿ, ಜ್ವರ ನೂರಾನಾಲ್ಕು ದಾಟಿದರೆ ತಲೆಗೆ ಬರ್ಫ ಇಡಿ ಅಂದರು. ಅದೃಷ್ಟಕ್ಕೆ ಹತ್ತನೆಯ ದಿನ, ಗುರುವಾರ, ಜ್ವರ ನೂರಾಒಂದಕ್ಕೆ ಇಳಿಯಿತು. ಕಾಶಿ ಎದ್ದು ಗೋಡೆಗೆ ಆತು ಕೂತು ನನ್ನ ನಕಾಶೆ ತರಿಸಿಕೊಂಡು ನೋಡಿದಳು. "ಮಾಮಾ, ನನಗಂತೂ ಬರಾಕ ಆಗಂಗಿಲ್ಲ. ಒಂದು ಮುಷ್ಟಿ ಬರ್ಫ ತರ್ರಿ" ಅಂದಳು. ನಮಗೆಲ್ಲ ಜೀವ ಬಂದ ಹಾಗಾಯಿತು. ರುದ್ರವ್ವ ದೇವರ ಮುಂದೆ ಎರಡು ದೀಪ ಹಚ್ಚಿದಳು. ಪ್ರಯೋಗದ ದಿನ, ಶನಿವಾರ, ಮುಂಜಾನೆ ಆರಕ್ಕೆ ನಾನು ಹೊರಟಾಗ ಕಾಶಿಗೆ ನಿದ್ದೆ ಇತ್ತು, ಹಣೆ ಮುಟ್ಟಿ ನೋಡಿದೆ, ಉಗುರು ಬೆಚ್ಚಗಿತ್ತು. ಊಟದ ಹಿತ್ತಾಳೆ ಡಬ್ಬಿಯ ಜೊತೆಗೆ ಒಂದು ಖಾಲಿ ಡಬ್ಬಿಯನ್ನೂ ಗೋಣಿತಟ್ಟಿನಲ್ಲಿ ಸುತ್ತಿಕೊಂಡು ಹೋದೆ.

ಆ ದಿನದ ಹಾಲ್ ಹೇಗಿತ್ತೆಂದು ಹೇಳಲೇ? ಹೊರಗೆ ಬೆಂಕಿಯಂಥ ಬಿಸಿಲು. ಒಳಗೆ ಹಡಪಸರದಿಂದ ಬಂದ ಇಪ್ಪತ್ತು ಜನ ಹೆಂಗಸರು ಸಾಲಾಗಿ ನಿಂತು ಒನಕೆಯಿಂದ ಬರ್ಫ ಕುಟ್ಟುತ್ತಿದ್ದರು, ಭತ್ತ ಕುಟ್ಟಿದ ಹಾಗೆ ಹಾಡು ಹೇಳಿಕೊಂಡು. ಸ್ವಲ್ಪ ಹೊತ್ತಿಗೆ ಬೆರಳು ಮರಗಟ್ಟಿ ಹಾಡು ನಿಂತಿತು, ಕಂಕುಳಲ್ಲಿ ಕೈ ಇಟ್ಟುಕೊಂಡು ನಗುತ್ತಿದ್ದರು. ಅವರಲ್ಲಿ ಒಬ್ಬ ಮುದುಕಿ ಮರಾಠಿಯಲ್ಲಿ, ಇಷ್ಟೊಂದು ಸಕ್ಕರೆ ಯಾರ ಮದುವೆಗೆ ಅಂತ ಕೇಳಿದಳು. ಒಂದು ಗಂಟೆಗೆ ಇಳಿಜಾರು ಪೂರ್ತಿ ಬೆಳ್ಳಗಾಯಿತು. ನಾನು ಎಳೆದ ಗೆರೆ ಅದು, ನನ್ನ ನಾಲ್ಕಕ್ಕೆ ಒಂದರ ಇಳಿಜಾರು, ಎದುರಿಗೆ ಎದ್ದು ನಿಂತಿತ್ತು. ಸುಳ್ಳು ಹೇಳುವುದಿಲ್ಲ ಅಕ್ಕಾ, ಆ ಗಳಿಗೆಯಲ್ಲಿ ನನಗೆ ಮನೆಯ ನೆನಪು ಇರಲಿಲ್ಲ.

ಎರಡು ಗಂಟೆಗೆ ಮೇಜರ್ ಸಾಹೇಬರು ಕಾಲಿಗೆ ಪಟ್ಟಿ ಕಟ್ಟಿಕೊಂಡು ಮೇಲೆ ಹತ್ತಿದರು. ಹನ್ನೆರಡು ಅಡಿ ಜಾರಿ ಧೊಪ್ಪೆಂದು ಕೂತರು. ಶೇಠರು, ಮಡಮ್ಮರು ಚಪ್ಪಾಳೆ ಹೊಡೆದರು, ನಾನೂ ಹೊಡೆದೆ. ಸಾಹೇಬರು ಏಳಲಿಲ್ಲ. ಕೂತಲ್ಲೇ ಎರಡು ಕೈ ತುಂಬ ಬರ್ಫ ಎತ್ತಿ ಮುಖಕ್ಕೆ ಒತ್ತಿಕೊಂಡರು. ಎತ್ತಲು ಹೋದ ನನಗೆ, "ಇಪ್ಪತ್ತು ವರ್ಷ ಆಯಿತು" ಅಂದರು. ಕಣ್ಣು ಒದ್ದೆಯಾಗಿದ್ದವು, ಬರ್ಫದ್ದೋ ಅವರದೋ ಗೊತ್ತಾಗಲಿಲ್ಲ. ಅವರ ಮೇಲೆ ನನಗೆ ಸಿಟ್ಟಿಲ್ಲ. ನಾನೂ ಎರಡು ಹೆಜ್ಜೆ ಇಟ್ಟು ನೋಡಿದೆ, ಕಾಶಿ ಕೇಳಿದ್ದಳಲ್ಲ. ಸಪ್ಪಳ ಬರುತ್ತದೆ. ಹುರಿಗಡಲೆ ಜಗಿದ ಹಾಗೆ ಕರುಂ ಕರುಂ ಅನ್ನುತ್ತದೆ. ಡಬ್ಬಿಯ ತುಂಬ ಒತ್ತಿ ತುಂಬಿ, ಗೋಣಿತಟ್ಟು ಬಿಗಿದು ಇಟ್ಟೆ. ನಾಲ್ಕರ ಹೊತ್ತಿಗೆ ಇಳಿಜಾರೆಲ್ಲ ಕೆಸರು. ಅದನ್ನು ತೆಗೆಸಿ, ಲೆಕ್ಕದ ಚಾಪೆ ಹಲಗೆ ಒಪ್ಪಿಸಿ, ಸೈಕಲ್ಲು ಹತ್ತಿ ಮನೆ ಮುಟ್ಟುವಾಗ ಆರು ದಾಟಿತ್ತು.

ನಾನಿಲ್ಲದಾಗ ನಡೆದದ್ದು ಇದು. ಮಧ್ಯಾಹ್ನ ಹನ್ನೆರಡಕ್ಕೆ ಜ್ವರ ಒಮ್ಮೆಲೇ ಏರಿತು. ರುದ್ರವ್ವ ಮೇಲಿನ ಮಾಳಿಗೆಯ ನರ್ಮದಾಬಾಯಿಯ ಕಡೆಯಿಂದ ಡಾಕ್ಟರರನ್ನು ಕರೆಸಿದಳು. ನೂರಾಐದರ ಮೇಲೆ ಹೋಗಿತ್ತು. ಬರ್ಫ ತನ್ನಿ ಅಂತ ಡಾಕ್ಟರರು ಚೀಟಿ ಬರೆದು ಕೊಟ್ಟರು. ಕೂಸಿನ ಹತ್ತಿರ ನರ್ಮದಾಬಾಯಿಯನ್ನು ಕೂಡಿಸಿ, ರುದ್ರವ್ವ ಆ ಬಿಸಿಲಲ್ಲಿ ಬರಿಗಾಲಲ್ಲಿ ಬರ್ಫದ ಡಿಪೋಕ್ಕೆ ಹೋದಳು. ಎಂದೂ ಒಬ್ಬಳೇ ಪೇಟೆ ದಾಟಿದವಳಲ್ಲ. ಅಲ್ಲಿ ಒಂದು ಚೂರೂ ಸಿಗಲಿಲ್ಲ. ಅವತ್ತಿನದೆಲ್ಲ ಹಾಲಿಗೆ ಹೋಯಿತು ಅಂದರಂತೆ. ಬಿಸಿಲಿನ ದಿನ, ಊರ ಹಾಲು ಕೆಡಬಾರದಲ್ಲ ಅಂದುಕೊಂಡು ಬರಿಗೈಯಲ್ಲಿ ತಿರುಗಿ ಬಂದು, ಬಾವಿಯ ನೀರಿನ ಬಟ್ಟೆ ಹಾಕುತ್ತ ಕೂತಿದ್ದಾಳೆ. ಅಷ್ಟರಲ್ಲಿ ನಾನು ಡಬ್ಬಿ ಹಿಡಿದುಕೊಂಡು ನಗುತ್ತ ಒಳಗೆ ಬಂದೆ.

ಡಬ್ಬಿಯಲ್ಲಿ ನೀರಿತ್ತು. ನಡುವೆ ನಿಂಬೆಹಣ್ಣಿನಷ್ಟು ಒಂದು ಗಡ್ಡೆ ತೇಲುತ್ತಿತ್ತು. ರುದ್ರವ್ವ ನನ್ನ ಕೈಯಿಂದ ಕಸಿದುಕೊಂಡು ಅದರಲ್ಲೇ ಬಟ್ಟೆ ಅದ್ದಿ ಹಣೆಗೆ ಹಾಕಿದಳು. ನಾನು ಕಾಶಿಯ ಬೆರಳು ಹಿಡಿದು ಆ ಗಡ್ಡೆಗೆ ಮುಟ್ಟಿಸಿದೆ. "ಗುಡ್ಡ ತಂದೀನವಾ. ಸಪ್ಪಳ ಬರತದ, ಹುರಿಗಡ್ಲಿ ತಿಂದಂಗ" ಅಂದೆ. ಅವಳು ಕಣ್ಣು ಬಿಟ್ಟಳು. "ತಣ್ಣಗ ಅದ ಮಾಮಾ" ಅಂದಳು. ಆಮೇಲೆ ಅವಳ ಬಾಯಲ್ಲಿ ಅವ್ವಾ, ಅವ್ವಾ ಅನ್ನುವುದು ಬಿಟ್ಟು ಬೇರೆ ಮಾತು ಬರಲಿಲ್ಲ. ಕೂಡಲೇ ಬಾ ಅಂತ ನಿನಗೆ ತಾರು ಅದೇ ಸಂಜೆ ಹಾಕಿದೆ. ಭಾನುವಾರ ಮುಂಜಾನೆ ಎಂಟು ಗಂಟೆಗೆ, ಬಿಸಿಲು ಕಿಟಕಿಯೊಳಗೆ ಬಂದ ಹೊತ್ತಿಗೆ ಹೋದಳು. ಕಾಯುವ ಹಾಗಿರಲಿಲ್ಲ, ಸಂಜೆಗೆ ಸಮಾಜದವರು ಬಂದು ಮಣ್ಣು ಮಾಡಿದರು. ನೀನು ಸೋಮವಾರ ಬಂದು ಮಣ್ಣಿನ ದಿನ್ನೆ ನೋಡಿದೆ.

ಕೂಸು ಗುಡ್ಡ ನೋಡಿತೇನ ಅಂತ ಕೇಳಿದ್ದೀ. ನೋಡಲಿಲ್ಲ ಅಕ್ಕಾ. ಮುಟ್ಟಿದಳು.

ಹೋದ ವಾರ ಮೇಜರ್ ಸಾಹೇಬರು ಮತ್ತೆ ಬಂದಿದ್ದರು. ಪ್ರಯೋಗ ಕೆಸರಾದರೂ ಶೇಠರು ಮನಸ್ಸು ಬಿಟ್ಟಿಲ್ಲವಂತೆ. ದಸರೆಯ ಮೇಲೆ ಪಾಯ ತೋಡಬೇಕು, ನಕಾಶೆ ಹೊಸದಾಗಿ ತೆಗಿ, ಕಟ್ಟಡದ ಮೇಲ್ವಿಚಾರಣೆಯೂ ನಿನ್ನದೇ ಅಂದರು. ಇಂಥ ಮಾತಿಗಾಗಿ ನಾನು ಹದಿನಾರು ವರ್ಷ ಕಾದಿದ್ದೆ. ಕಣ್ಣು ಮಂಜಾಗಿವೆ ಸಾಹೇಬರೇ, ಸಣ್ಣ ಗೆರೆ ಕಾಣುವುದಿಲ್ಲ, ಬೇರೆ ಯಾರಿಗಾದರೂ ಕೊಡಿ ಅಂದೆ. ಅವರು ನನ್ನ ಮುಖ ನೋಡಿ, "ನಿನ್ನ ಅಕ್ಕನ ಮಗಳ ವಿಷಯ ಕೇಳಿದೆ" ಅಂದರು. ಹಳೆಯ ನಕಾಶೆಯಿಂದ ನಿನ್ನ ಆಕೃತಿ ಇರುವ ಭಾಗವನ್ನು ಮಾತ್ರ ಕೇಳಿ ಪಡೆದು ಕತ್ತರಿಸಿ ಇದರೊಳಗೆ ಇಟ್ಟಿದ್ದೇನೆ. ಕೊಡದ ಮೇಲಿನ ಗೆರೆ ಸ್ವಲ್ಪ ಹರಡಿದೆ, ಅಲ್ಲಿ ಅವಳ ಹೆಬ್ಬೆರಳು ತಾಗಿತ್ತು.

ಮಳೆ ಈ ಸಲ ಚೆನ್ನಾಗಿದೆ. ಓಣಿಯಲ್ಲಿ ಗಣಪತಿ ಕೂತಿದ್ದಾನೆ, ಮೇಳದವರ ಹಾಡು ಇಲ್ಲಿಗೂ ಕೇಳುತ್ತಿದೆ. ರುದ್ರವ್ವ ನಿನಗೆ ಶರಣು ಹೇಳಿದ್ದಾಳೆ, ಕುಸುಬಿ ಚಟ್ನಿಪುಡಿ ಮಾಡಿ ಕಳಿಸುತ್ತಾಳಂತೆ. ಭಾವನವರಿಗೆ ನನ್ನ ಶರಣು. ಭೀಮಿಗೆ ನನ್ನ ಮುತ್ತು. ಅವಳು ನೂರು ವರ್ಷ ಬಾಳಲಿ, ನಿನ್ನ ಮಡಿಲು ತಂಪಾಗಿರಲಿ. ಇದಕ್ಕಿಂತ ದೊಡ್ಡದನ್ನು ಕೇಳುವ ಬಾಯಿ ನನಗಿಲ್ಲ.

ನಿನ್ನ ತಮ್ಮ
ಶಿವಪುತ್ರಪ್ಪ

ತಾ. ಕ.

ಅಕ್ಕಾ, ಈ ಹಾಳೆ ಬೇರೆ. ಮೇಲಿನದನ್ನೆಲ್ಲ ಭಾವನವರು ಗಟ್ಟಿಯಾಗಿ ಓದಿ ಎಲ್ಲರಿಗೂ ಹೇಳಲಿ. ಇದನ್ನು ಅವರ ಕೈಗೆ ಕೊಡಬೇಡ. ನೀನೊಬ್ಬಳೇ ಕೂತು ಓದು. ನಿನಗೆ ತಡವರಿಸಬಾರದೆಂದು ದೊಡ್ಡ ಅಕ್ಷರದಲ್ಲಿ ಬರೆದಿದ್ದೇನೆ.

ಆ ದಿನ ಬರ್ಫ ಹಾಲಿಗೆ ಹೋದದ್ದು ನಿಜ. ಆದರೆ ಕುಡಿಯುವ ಹಾಲಿಗಲ್ಲ. ನನ್ನ ಹಾಲಿಗೆ. ಗುಡ್ಡಕ್ಕೆ.

ಆ ಡಿಪೋದಲ್ಲಿ ಒಂದು ಪದ್ಧತಿ ಇದೆ. ಎಷ್ಟೇ ದೊಡ್ಡ ಗಿರಾಕಿ ಬರಲಿ, ದಿನಾ ಐದು ಗಡ್ಡೆ ಹೊಟ್ಟಿನಲ್ಲಿ ಮುಚ್ಚಿ ಇಡುತ್ತಾರೆ. ಡಾಕ್ಟರರ ಚೀಟಿ ತಂದವರಿಗೆ ಮಾತ್ರ ಅದು. 'ಬ್ಯಾನಿಯವರ ಗಡ್ಡಿ' ಅನ್ನುತ್ತಾರೆ. ಅಲ್ಲಿಯ ಮುಕಾದಮ ಫಕೀರಪ್ಪ, ನಮ್ಮ ನವಲಗುಂದದ ಕಡೆಯವನು. ಗುರುವಾರ ಸಂಜೆ ನಾನು ಶನಿವಾರದ ಪೂರ್ತಿ ಮಾಲು ಬರೆಸಲು ಹೋದಾಗ ಅವನು ಕೇಳಿದ, "ಬ್ಯಾನಿಯವರ ಗಡ್ಡಿ ಐದು ಇಡ್ಲೇನ್ರಿ?"

ಅವನ್ನೂ ತಾ ಅಂತ ಸಾಹೇಬರು ನನಗೆ ಹೇಳಿರಲಿಲ್ಲ. ಐದು ಗಡ್ಡೆ ಕಡಿಮೆಯಾಗಿದ್ದರೆ ಏನೂ ಆಗುತ್ತಿರಲಿಲ್ಲ. ನನ್ನ ಇಳಿಜಾರಿನ ತುದಿ ಬೋಳಾಗಿ ಕಾಣಬಾರದು ಅಂತ ನನ್ನ ಆಸೆ. ಮನೆಯಲ್ಲಿ ಕಾಶಿಯ ಜ್ವರ ಆಗಷ್ಟೇ ಇಳಿದಿತ್ತು, ನಾನು ಖುಷಿಯಲ್ಲಿದ್ದೆ. "ಒಂದು ದಿವಸಕ್ಕ ಯಾರ ಜೀವ ಹೋಗತದೋ? ಅವನ್ನೂ ಹಾಲಿಗೆ ಕಳಸು" ಅಂದೆ. ಇವು ನನ್ನವೇ ಮಾತು ಅಕ್ಕಾ. ಕೂಡಿಸಿಲ್ಲ, ಕಳೆದಿಲ್ಲ.

ಶನಿವಾರ ಎರಡು ಗಂಟೆಗೆ, ಸಾಹೇಬರು ಜಾರಿದಾಗ ನಾನು ಚಪ್ಪಾಳೆ ಹೊಡೆಯುತ್ತಿದ್ದೆನಲ್ಲ, ಅದೇ ಹೊತ್ತಿಗೆ ರುದ್ರವ್ವ ಚೀಟಿ ಹಿಡಿದು ಅವನ ಮುಂದೆ ನಿಂತಿದ್ದಳು. ಕನ್ನಡದವನು ಸಿಕ್ಕನೆಂದು ಅವಳಿಗೆ ಧೈರ್ಯ ಬಂದಿತ್ತಂತೆ. ಅವನು, "ಬ್ಯಾನಿಯವರ ಗಡ್ಡೀನೂ ಇವತ್ತ ಹಾಲಿಗೆ ಹೋದೂರಿ ಅವ್ವಾರ" ಅಂದ. ನಮ್ಮ ಮನೆಯಲ್ಲಿ ಅದು ಗುಡ್ಡ. ಹಾಲು ಅಂದರೆ ಅವಳಿಗೆ ಹಾಲೇ. ಕಾಶಿ ಬೇರೆ ಹೆಸರು ಇಟ್ಟಿದ್ದಕ್ಕೆ ಹೀಗಾಯಿತು ಅಂತ ಒಂದು ಗಳಿಗೆ ಅನ್ನಿಸಿತು. ಅಂಥ ವಿಚಾರ ಬಂದದ್ದಕ್ಕೂ ನಾನು ನಿನ್ನ ಕ್ಷಮೆ ಕೇಳಬೇಕು.

ನಾಲ್ಕು ದಿನದ ಮೇಲೆ ಫಕೀರಪ್ಪ ತಾನಾಗಿಯೇ ನನಗೆ ಹೇಳಿದ. "ನಮ್ಮ ಕಡೆ ಹೆಣ್ಮಗಳೊಬ್ಬಾಕಿ ಬಂದಿದ್ದಳ್ರಿ. ಯಾರ ಮನಿಯಾಕಿ, ಯಜಮಾನ್ರ ಹೆಸರೇನವಾ ಅಂತ ಕೇಳಿದೆ. ಸೆರಗು ಬಾಯಿಗೆ ಹಿಡಕೊಂಡು ಸುಮ್ಮ ನಿಂತ್ಳು. ಹೇಳಿದ್ರ ನಿಮ್ಮ ಕಡೆ ಓಡಿ ಬಂದು ಒಂದ ಗಡ್ಡಿ ಬೇಡಿ ಒಯ್ದು ಕೊಡ್ತಿದ್ದೆ." ಗಂಡನ ಹೆಸರು ಹೇಳಬಾರದೆಂದು ಸುಮ್ಮನಿದ್ದಳು, ನೀನೂ ಹಾಗೇ ಇರುತ್ತಿದ್ದೆ. ಯಾರೆಂದು ಅವನಿಗೆ ಇನ್ನೂ ಗೊತ್ತಿಲ್ಲ. ನಾನೂ ಹೇಳಲಿಲ್ಲ.

ಬರ್ಫ ಸಿಕ್ಕಿದ್ದರೆ ಉಳಿಯುತ್ತಿದ್ದಳೇ ಅಂತ ಡಾಕ್ಟರರನ್ನು ಬೇರೆ ಯಾರದೋ ಮಾತೆಂಬಂತೆ ಕೇಳಿದೆ. ಉಳಿಯಬಹುದಿತ್ತು, ಉಳಿಯದೆಯೂ ಇರಬಹುದಿತ್ತು ಅಂದರು. ಅದರಾಚೆ ನಾನು ಏನೂ ಕೇಳಲಿಲ್ಲ.

ನೀನು ಸಿಟ್ಟಾಗಿಲ್ಲ ಅಂತ ಬರೆದಾಗ ನಿನಗೆ ಕಾರ್ಡಿನ ತಪ್ಪು ಮಾತ್ರ ಗೊತ್ತಿತ್ತು. ಅಷ್ಟನ್ನೇ ತಿಳಿದು ಭೀಮಿಯನ್ನು ಕೊಡಬೇಡ. ಇದನ್ನು ಓದಿದ ಮೇಲೂ ಕಳಿಸುವ ಮನಸ್ಸಾದರೆ ಬರೆ, ನಾನೇ ಬಂದು ಕರೆತರುತ್ತೇನೆ. ಮನಸ್ಸಾಗದಿದ್ದರೆ ಒಂದು ಖಾಲಿ ಕಾರ್ಡು ಅಂಚೆಗೆ ಹಾಕು. ನಾನು ಮತ್ತೆ ನಿನ್ನ ಹೊಸ್ತಿಲು ತುಳಿಯುವುದಿಲ್ಲ.

ರುದ್ರವ್ವನಿಗೆ ಇನ್ನೂ ಹೇಳಿಲ್ಲ. ದಿನಾ ಮುಂಜಾನೆ ಹೇಳಬೇಕೆಂದು ಅಡಿಗೆಮನೆಯ ಬಾಗಿಲಿಗೆ ಹೋಗಿ ನಿಲ್ಲುತ್ತೇನೆ. ಅವಳು ಹಾಲು ಕಾಯಿಸುತ್ತಿರುತ್ತಾಳೆ. ಉಕ್ಕಿ ಬಂದ ಹಾಲು ಇಳಿಸುತ್ತ, "ಹೋಗ್ಲಿ ಬಿಡ್ರಿ, ನಮ್ಮ ಕೂಸಿಗೆ ಸಿಗದಿದ್ರೂ ಆ ಬರ್ಫದಿಂದ ಯಾರದೋ ಕೂಸಿನ ಹಾಲು ಉಳದಿರತದ" ಅನ್ನುತ್ತಾಳೆ.

ನಾನು ಹೂಂ ಅನ್ನುತ್ತೇನೆ.

ಶಿ.